ನಲವತ್ತು ನಿಮಿಷದ ಬ್ಯಾಟರಿ

"ರೀ, ಬ್ಯಾಟರಿ... ನಿಮ್ಮನ್ನೇ ಕರೀತಿರೋದು. ಬೇಗ ಮೇಲೆ ಬನ್ನಿ."

ಹೆಗಲ ಮೇಲೆ ಬ್ಯಾಟರಿ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದವನು ತಲೆಯೆತ್ತಿ ನೋಡಿದ. ಎರಡನೆಯ ಮಹಡಿಯ ಕಿಟಕಿಯಲ್ಲಿ ಒಂದು ಹೆಣ್ಣುಮುಖ. ಕೊರಳಲ್ಲಿ ಅಳತೆ ಟೇಪು, ಕೆದರಿದ ಕೂದಲಲ್ಲಿ ಸಿಕ್ಕಿಕೊಂಡ ಬಿಳಿ ದಾರ.

"ಏನಾಯ್ತು?"

"ಬನ್ನಿ ಅಂದ್ರೆ ಬನ್ನಿ. ಅಲ್ಲೇ ನಿಂತು ವಿಚಾರಣೆ ಮಾಡಬೇಡಿ."

ಅವನು ಬ್ಯಾಟರಿಯನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ.

ಒಳಕೋಣೆಯಲ್ಲಿ ಇನ್ವರ್ಟರ್ ಕಿವಿ ಹರಿದುಹೋಗುವಂತೆ ಅರಚುತ್ತಿತ್ತು. ಮಂಚದ ಮೇಲೆ ವಯಸ್ಸಾದ ಹೆಂಗಸೊಬ್ಬರು ದಿಂಬಿಗೆ ಒರಗಿ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರು. ಮೂಗಿಗೆ ಸಣ್ಣ ಕೊಳವೆ ಇತ್ತು. ಆದರೆ ಕೊಳವೆಯ ಇನ್ನೊಂದು ತುದಿಯಲ್ಲಿದ್ದ ಆಕ್ಸಿಜನ್ ಯಂತ್ರ ನಿಂತುಹೋಗಿತ್ತು.

ಅವನು ಇನ್ವರ್ಟರ್ ಮುಟ್ಟಲೇ ಇಲ್ಲ. ಗೋಡೆಯ ಮೇಲಿನ ವೈರನ್ನು ಕಣ್ಣಲ್ಲೇ ಹಿಂಬಾಲಿಸಿ ಮುಂದಿನ ಕೋಣೆಗೆ ಓಡಿದ. ಅಲ್ಲಿ ಹೊಲಿಗೆ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಹಾಯಾಗಿ ಕೂತಿತ್ತು. ಅದರ ಪ್ಲಗ್ ಕಿತ್ತು, ಓಡಿ ಬಂದು, ಇನ್ವರ್ಟರಿನ ಗುಂಡಿ ಒತ್ತಿದ. ಅರಚಾಟ ನಿಂತಿತು. ಯಂತ್ರ ಗುಳುಗುಳು ಎಂದು ಉಸಿರಾಡತೊಡಗಿತು. ಅದರ ಹಿಂದೆಯೇ ಮುದುಕಿಯೂ ಉಸಿರಾಡಿದರು.

"ಕರೆಂಟ್ ಹೋದಾಗ ಇಸ್ತ್ರಿಪೆಟ್ಟಿಗೆ ಹಾಕಿದ್ದು ಯಾರು?"

"ನಾನೇ. ಯಾಕೆ?"

"ಅದು ಸಾವಿರ ವ್ಯಾಟ್ ಕುಡಿಯುತ್ತೆ. ಈ ಇನ್ವರ್ಟರ್ ಹೊರೋದು ಆರುನೂರೈವತ್ತು. ಕತ್ತೆ ಮೇಲೆ ಆನೆ ಕೂರಿಸಿದ್ರೆ ಕತ್ತೆ ಅರಚದೆ ಇನ್ನೇನು ಹಾಡುತ್ತಾ?"

ಅವಳಿಗೆ ಅಳು ಬರುವುದರಲ್ಲಿತ್ತು, ಸಿಟ್ಟು ಮೊದಲು ಬಂತು. "ಪಾಠ ಆಮೇಲೆ ಮಾಡಿ. ನನ್ನ ದೊಡ್ಡಮ್ಮನ ಜೀವ ಹೋಗ್ತಿತ್ತು."

ಅವನ ಮುಖ ಮೆತ್ತಗಾಯಿತು. "ತಪ್ಪಾಯ್ತು ಮೇಡಂ." ಜೇಬಿನಿಂದ ಕೆಂಪು ಟೇಪು ತೆಗೆದು ಒಂದೊಂದೇ ಸ್ವಿಚ್ಚಿಗೆ ಅಂಟಿಸತೊಡಗಿದ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಬಿಸಿನೀರಿನ ಗೀಸರ್. "ಕೆಂಪು ಇರೋದನ್ನ ಬ್ಯಾಟರಿ ಮೇಲೆ ಹಾಕಬೇಡಿ. ಫ್ಯಾನು, ದೀಪ, ನಿಮ್ಮ ಹೊಲಿಗೆ ಮಷೀನು ಪರವಾಗಿಲ್ಲ."

ಮಂಚದಿಂದ ಸಣ್ಣ ದನಿ ಬಂತು. "ಗುಂಡೀ... ಅವನಿಗೆ ಕುಡಿಯೋಕೆ ನೀರು ಕೊಡೇ."

ಗುಂಡಿ ಅವಳ ಅಡ್ಡಹೆಸರು. ನಾಲ್ಕು ವರ್ಷದವಳಿದ್ದಾಗ, ಅಮ್ಮ ತೀರಿಕೊಂಡು ದೊಡ್ಡಮ್ಮನ ಮನೆಗೆ ಬಂದ ಮೊದಲ ವಾರವೇ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಳು. ಈಗ ಆ ಮನೆಯಲ್ಲಿ ಉಳಿದಿದ್ದು ಅವರಿಬ್ಬರೇ. ದೊಡ್ಡಮ್ಮನ ಶ್ವಾಸಕೋಶ ಕೈಕೊಟ್ಟಿತ್ತು, ಗುಂಡಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು.

ನೀರು ಕುಡಿದು ಲೋಟ ಇಟ್ಟವನು ಕೇಳಿದ. "ಇದು ಎಷ್ಟು ಹೊತ್ತು ಬರುತ್ತೆ?"

"ನಲವತ್ತು ನಿಮಿಷ."

"ಎಷ್ಟು?"

"ನಲವತ್ತು ನಿಮಿಷ ಅಂದೆನಲ್ಲ. ಅಷ್ಟಾದ ಮೇಲೆ ತಾನೇ ಆಫ್ ಆಗುತ್ತೆ. ಹಾಗಾದಾಗ ಕರೆಂಟ್ ಬರೋವರೆಗೂ ಮುಟ್ಟಬೇಡಿ, ಕೆಟ್ಟುಹೋಗುತ್ತೆ ಅಂತ ಕೂರಿಸಿದವರು ಹೇಳಿದ್ರು. ಎರಡು ವರ್ಷದಿಂದ ಹೀಗೇ."

ಅವನು ಬ್ಯಾಟರಿಯನ್ನು ನೋಡಿದ, ಯಂತ್ರವನ್ನು ನೋಡಿದ, ಬೆರಳು ಮಡಿಸಿ ಏನೋ ಗುಣಿಸಿದ. "ಆಗಲ್ಲವಲ್ಲ ಮೇಡಂ. ಇಷ್ಟು ದೊಡ್ಡ ಬ್ಯಾಟರಿ, ಮುನ್ನೂರು ವ್ಯಾಟಿನ ಯಂತ್ರ... ಕಮ್ಮಿ ಅಂದ್ರೂ ನಾಲ್ಕು ಗಂಟೆ ಬರಬೇಕು."

ನಾಲ್ಕು ಗಂಟೆ!

ಅವಳು ಆ ಎರಡು ಪದವನ್ನು ಮತ್ತೆ ಬಾಯಲ್ಲೇ ಹೇಳಿಕೊಂಡಳು. ಯಾಕೆಂದು ಅವನಿಗೆ ಹೇಗೆ ತಿಳಿಯಬೇಕು?

ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲು ಬಾರದ ಊರು ಅದು. ಗುಂಡಿ ಎಲ್ಲೇ ಇರಲಿ, ಕರೆಂಟ್ ಹೋಯಿತೆಂದು ದೊಡ್ಡಮ್ಮ ಫೋನ್ ಮಾಡಿದ ಕ್ಷಣದಿಂದ ನಲವತ್ತು ನಿಮಿಷದೊಳಗೆ ಮನೆ ಸೇರಬೇಕು. ಮೂಲೆಯಲ್ಲಿ ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ಇತ್ತು ನಿಜ, ಇವತ್ತು ಅದು ಖಾಲಿಯಾಗಿತ್ತು, ತುಂಬಿದ್ದಾಗಲೂ ಅದರ ಬಿಗಿಯಾದ ಕೀಲಿ ತಿರುಗಿಸುವ ಬಲ ದೊಡ್ಡಮ್ಮನ ಕೈಯಲ್ಲಿ ಇರಲಿಲ್ಲ. ಹಾಗಾಗಿ ಅವಳ ಲೋಕಕ್ಕೆ ಒಂದು ಬೇಲಿ ಬಿದ್ದಿತ್ತು. ದಾರದ ಅಂಗಡಿ ಬೇಲಿಯ ಒಳಗೆ. ತರಕಾರಿ ಅಂಗಡಿ ಒಳಗೆ. ಊರ ನಡುವಿನ ಹೊಳೆಯ ಸೇತುವೆಗೆ ಬಸ್ಸಿನಲ್ಲಿ ಮೂವತ್ತೈದು ನಿಮಿಷ. ಅಲ್ಲಿಗೆ ಮುಗಿಯಿತು. ಎರಡು ವರ್ಷದಿಂದ ಅವಳು ಸೇತುವೆ ದಾಟಿರಲಿಲ್ಲ.

ಗೆಳತಿಯ ಮದುವೆಗೆ ಹೋಗಲಿಲ್ಲ. ಸಿನಿಮಾ ನೋಡಿದ್ದು ಮಧ್ಯಂತರದವರೆಗೆ. ಹಲ್ಲು ನೋವೆಂದು ವೈದ್ಯರ ಮುಂದೆ ಬಾಯಿ ತೆರೆದವಳು, ಫೋನ್ ಬಂತೆಂದು ಬಾಯಿಯ ಅರ್ಧ ಭಾಗ ಜೋಮು ಹಿಡಿದಿದ್ದಾಗಲೇ ಎದ್ದು ಓಡಿದ್ದಳು.

ಈಗ ಸೇತುವೆಯ ಆಚೆಯ ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಕೆಲಸ ಖಾಲಿಯಾಗಿತ್ತು. ಅವಳು ಕತ್ತರಿಸಿದ ಒಂದು ಕೋಟನ್ನು ಯಾರದೋ ಮೈಮೇಲೆ ಕಂಡ ಅಲ್ಲಿನ ಯಜಮಾನಿ ತಾವೇ ಫೋನ್ ಮಾಡಿದ್ದರು. ಗುಂಡಿ ಎರಡು ತಿಂಗಳು ಸಮಯ ಬೇಡಿದ್ದಳು. ಏನು ಮಾಡಲು ಸಮಯ ಎಂದು ಅವಳಿಗೇ ಗೊತ್ತಿರಲಿಲ್ಲ...

"ಹಾಗಾದ್ರೆ ನೋಡಿ ಹೇಳಿ," ಎಂದಳು. "ನಲವತ್ತು ನಿಮಿಷ ಯಾಕೆ ಅಂತ ಕಂಡುಹಿಡಿದು ಹೇಳಿ."

ಮುಂದಿನ ಮಂಗಳವಾರ ಮಧ್ಯಾಹ್ನ ಅವನು ಮೀಟರ್ ಹಿಡಿದು ಬಂದ. ಕರೆಂಟ್ ಹೋಗಿತ್ತು. ನಲವತ್ತನೆಯ ನಿಮಿಷಕ್ಕೆ ಸರಿಯಾಗಿ, ಇಬ್ಬರೂ ಮುಂದಿನ ಕೋಣೆಯಲ್ಲಿ ಗಡಿಯಾರ ನೋಡುತ್ತಿದ್ದಾಗ, ಇನ್ವರ್ಟರ್ ಆಫ್ ಆಯಿತು. ಗುಂಡಿ ಸಿಲಿಂಡರಿನ ಕೀಲಿ ತಿರುಗಿಸಿ ಕೊಟ್ಟು ಮುಂದಿನ ಕೋಣೆಗೆ ಬಂದಳು. ಒಳಗೆ ಅವನೊಬ್ಬ, ದೊಡ್ಡಮ್ಮ ಒಬ್ಬರು. ತುಂಬ ಹೊತ್ತು ಪಿಸುಮಾತು ಕೇಳಿಸಿತು. ಮುದುಕಿಯನ್ನು ನಗಿಸುತ್ತಿರಬೇಕು ಅಂದುಕೊಂಡಳು.

ಹೊರಗೆ ಬಂದಾಗ ಅವನ ಮುಖ ಸಪ್ಪಗಾಗಿತ್ತು.

"ನಲವತ್ತು ನಿಮಿಷಾನೇ ಮೇಡಂ. ಬ್ಯಾಟರಿ ಹಳೇದು."

ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡಳು.

"ಹೊಸದು ತಗೊಳ್ಳಲಾ?"

"ಅವಸರ ಬೇಡ. ನಾನು ವಾರಕ್ಕೊಮ್ಮೆ ಬಂದು ನೀರು ಹಾಕಿ ನೋಡ್ತೀನಿ."

ಬಂದ. ಪ್ರತಿ ಮಂಗಳವಾರ ಮಧ್ಯಾಹ್ನ ಬಂದ. ಒಳಕೋಣೆಯಲ್ಲಿ ಹತ್ತು ನಿಮಿಷ, ಆಮೇಲೆ ಹೊಲಿಗೆ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಒಂದು ಗಂಟೆ. ಅವನ ಅಂಗಿಗಳಲ್ಲೆಲ್ಲ ಬ್ಯಾಟರಿ ಆಸಿಡ್ ಬಿದ್ದ ತೂತುಗಳು.

"ಇದೇನ್ರೀ, ಅಂಗಿನಾ ಜರಡಿನಾ? ಬಿಚ್ಚಿ ಕೊಡಿ ಇಲ್ಲಿ."

"ಬಿಚ್ಚಿ ಕೊಟ್ಟು ನಾನೇನು ಹಾಕ್ಕೊಳ್ಳಲಿ?"

"ನಾಳೆ ತನ್ನಿ ಅಂದೆ. ಈಗಲೇ ಬಿಚ್ಚಿ ಅಂದ್ನಾ?" ಎಂದವಳ ಕಿವಿ ಕೆಂಪಾಯಿತು.

ಅವಳು ತೂತುಗಳಿಗೆ ತೇಪೆ ಹಾಕಿದಳು, ಅದೇ ಬಣ್ಣದ ಬಟ್ಟೆಯಲ್ಲಿ, ಹುಡುಕಿದರೂ ಕಾಣದ ಹಾಗೆ. ಅವನು ಸೇತುವೆಯ ಆಚೆಯ ಬೀದಿಗಳ ಕಥೆ ಹೇಳಿದ. ಅವಳು ಕೇಳಿದಳು. ಮಂಗಳವಾರ ಬೆಳಿಗ್ಗೆಯಿಂದಲೇ ಕಿವಿ ಮೆಟ್ಟಿಲ ಕಡೆ ಇರುತ್ತಿತ್ತು. ಇಷ್ಟು ಸಣ್ಣ ಬೇಲಿಯೊಳಗೆ ಇಷ್ಟು ಸಂತೋಷ ಹಿಡಿಸುತ್ತದೆಯೇ ಎಂದು ಅವಳಿಗೇ ಆಶ್ಚರ್ಯ. ಆದರೂ ಅವನು ಹೋದ ಮೇಲೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವನು ಬೀದಿಯ ತಿರುವು ದಾಟಿ ಹೋಗುತ್ತಾನೆ... ತಾನು ಇಲ್ಲೇ.

ಎರಡು ತಿಂಗಳು ಮುಗಿಯಲು ಒಂದು ವಾರ ಉಳಿದಾಗ ಯಜಮಾನಿಯ ಫೋನ್ ಬಂತು. "ಮುಂದಿನ ಮಂಗಳವಾರ ಬಂದು ಒಂದು ಕೋಟು ಕತ್ತರಿಸಿ ತೋರಿಸಿ. ಇಲ್ಲ ಅಂದ್ರೆ ಬೇರೆಯವರನ್ನ ತಗೋತೀನಿ, ಬೇಜಾರು ಮಾಡ್ಕೋಬೇಡಿ."

ಅವನು ಅಂದು ಬೇರೆ ಯಾವುದೋ ಬೀದಿಯಲ್ಲಿ ಕೆಲಸದ ಮೇಲಿದ್ದ. ಗುಂಡಿ ಕಾಯಲಿಲ್ಲ. ನೇರ ಅವನು ಕೆಲಸ ಮಾಡುವ ಬ್ಯಾಟರಿ ಅಂಗಡಿಗೆ ಹೋಗಿ ಅದರ ಮಾಲೀಕರನ್ನೇ ಕರೆತಂದಳು. "ಹೊಸ ಬ್ಯಾಟರಿ ಹಾಕಿಕೊಡಿ ಅಂಕಲ್, ಎಷ್ಟಾದರೂ ಆಗಲಿ."

ಮಾಲೀಕರು ಹಳೆಯ ಬ್ಯಾಟರಿಗೆ ಮೀಟರ್ ಹಚ್ಚಿದರು. ಮತ್ತೊಮ್ಮೆ ಹಚ್ಚಿದರು. ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು.

"ಹೊಸದು ಯಾಕಮ್ಮ? ಇದು ಗಟ್ಟಿಮುಟ್ಟಾಗಿದೆ. ಕಣ್ಣುಮುಚ್ಚಿ ನಾಲ್ಕು ಗಂಟೆ ಓಡುತ್ತೆ. ಹಳೇದು ಅಂದವರು ಯಾರು?"

ಮಂಚದ ಮೇಲೆ ದೊಡ್ಡಮ್ಮ ಗೋಡೆಯ ಕಡೆ ಹೊರಳಿ ಮಲಗಿದ್ದರು.

ಗುಂಡಿ ಬಾಗಿಲಾಚೆ ಕಾಣುತ್ತಿದ್ದ ಸ್ಟೂಲನ್ನು ನೋಡಿದಳು. ಹಳೇದು ಅಂದವರು ಯಾರು? ಅವಸರ ಬೇಡ ಅಂದವರು ಯಾರು? ವಾರವಾರ ಬಂದು ಸ್ಟೂಲಿನ ಮೇಲೆ ಕೂತು ನಕ್ಕವರು ಯಾರು?

ಸಂಜೆ ಬಿಸಿಲಿರುವಾಗಲೇ ಸುದ್ದಿ ತಿಳಿದು ಅವನು ಓಡಿಬಂದ. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಬ್ಯಾಟರಿ ಹಳೇದು ಅಂದ್ರಲ್ಲ, ಸುಳ್ಳಾ?"

"...ಸುಳ್ಳು."

"ಯಾಕೆ?"

ಅವನ ಕಣ್ಣು ಅವಳ ಹೆಗಲಾಚೆ, ಒಳಕೋಣೆಯ ಬಾಗಿಲ ಕಡೆ ಹೋಯಿತು.

"ನೀವು ಬಂದು ಹೋಗೋಕೆ ಒಂದು ನೆಪ ಬೇಕಿತ್ತು, ಅಲ್ವಾ? ಅದಕ್ಕೆ ನನ್ನನ್ನ ಇಲ್ಲೇ ಕಟ್ಟಿಹಾಕಿದ್ರಿ. ಬೀಗ ತೆಗೀರಿ ಅಂತ ಕರೆದ್ರೆ ಇನ್ನೊಂದು ಬೀಗ ಹಾಕಿ ಹೋದ್ರಿ."

"ನಾನು..."

"ಇನ್ನು ಈ ಹೊಸ್ತಿಲು ದಾಟಬೇಡಿ."

ಅವನು ತಲೆತಗ್ಗಿಸಿ ಇಳಿದುಹೋದ. ಅವಳು ಬಾಗಿಲು ಹಾಕಿ, ಅದಕ್ಕೇ ಒರಗಿ ಕೂತು, ತೇಪೆ ಹಾಕಲೆಂದು ಇಟ್ಟುಕೊಂಡಿದ್ದ ಅವನ ಅಂಗಿಯಲ್ಲೇ ಮುಖ ಮುಚ್ಚಿ ಅತ್ತಳು. ಪ್ರೀತಿಸಿದವನ ಮೇಲೆ ಸಿಟ್ಟು ಬಂದರೆ ಅಳಲು ಸಹ ಅವನ ಅಂಗಿಯೇ ಬೇಕಾಗುತ್ತದೆ, ಏನು ಮಾಡುವುದು...

ಮರುದಿನ ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು.

ಗುಂಡಿ ಹೊಲಿಗೆ ನಿಲ್ಲಿಸಿ ಗಡಿಯಾರ ನೋಡುತ್ತ ಕೂತಳು. ಬ್ಯಾಟರಿ ಗಟ್ಟಿಯಾಗಿದೆಯಂತಲ್ಲ, ನೋಡಿಯೇ ಬಿಡೋಣ. ಮೂವತ್ತು ನಿಮಿಷ. ಮೂವತ್ತೆಂಟು. ನಲವತ್ತು.

ಟಕ್. ಯಂತ್ರ ನಿಂತಿತು.

ಹಾಗಾದರೆ ಅವನು ಮೊದಲು ಹೇಳಿದ್ದೇ ನಿಜವೇ? ಅವಳು ಒಳಗೋಡಿದಳು. ಸಿಲಿಂಡರಿನ ಕೀಲಿ ತಿರುಗಿಸಿ, ಕೊಳವೆ ಬದಲಿಸಿ, ಇನ್ವರ್ಟರಿನ ಮುಂದೆ ಮೊಣಕಾಲೂರಿದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅದರ ಮುಖವನ್ನು ಹತ್ತಿರದಿಂದ ನೋಡಿದಳು.

ಬಿಳಿ ಸ್ವಿಚ್ಚಿನ ಮೇಲೆ ಬೂದು ಬಣ್ಣದ ಕಲೆ. ದುಂಡಗೆ. ಒಂದರ ಮೇಲೊಂದು, ಹತ್ತಾರು ಸಲ ಒತ್ತಿದ ಗುರುತು.

ಅವಳು ಮೆಲ್ಲಗೆ ತಿರುಗಿದಳು. ಮಂಚಕ್ಕೆ ಒರಗಿಸಿದ್ದ ದೊಡ್ಡಮ್ಮನ ಊರುಗೋಲು ಇನ್ನೂ ಸಣ್ಣಗೆ ಅಲುಗಾಡುತ್ತಿತ್ತು. ತುದಿಯಲ್ಲಿ ಬೂದು ಬಣ್ಣದ ರಬ್ಬರ್.

"ದೊಡ್ಡಮ್ಮ..."

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು.

"ಮೊದಲನೇ ಸಲ ಸುಮ್ಮನೆ ಒತ್ತಿದೆ ಕಣೇ. ನೀನು ದಾರದ ಅಂಗಡಿಗೆ ಹೋಗಿದ್ದೆ. ಒಬ್ಬಳೇ ಇದ್ದೆ, ಭಯ ಆಯ್ತು. ಕರೆದ್ರೆ ಎಷ್ಟು ಬೇಗ ಬರ್ತೀಯ ನೋಡೋಣ ಅನ್ನಿಸ್ತು. ಒಂಬತ್ತು ನಿಮಿಷಕ್ಕೆ ಬಂದೆ. ಒಂದು ಕಾಲಲ್ಲಿ ಚಪ್ಪಲಿನೂ ಇರಲಿಲ್ಲ." ಉಸಿರಿಗಾಗಿ ತಡೆದರು. "ನನಗೋಸ್ಕರ ಹೀಗೆ ಓಡಿಬರೋರು ಇದ್ದಾರಲ್ಲ ಅಂತ... ಖುಷಿಯಾಯ್ತು. ಎಂಥ ಪಾಪಿ ನೋಡು ನಾನು."

"ನಲವತ್ತು ನಿಮಿಷ?"

"ಅವತ್ತು ಕರೆಂಟ್ ಹೋಗಿ ನಲವತ್ತು ನಿಮಿಷ ಆಗಿತ್ತು. ಬ್ಯಾಟರಿ ಅಷ್ಟೇ ಬರೋದು ಅಂತ ನೀನೇ ಅಂದ್ಕೊಂಡೆ. ಆಮೇಲೆ ಹೆಚ್ಚುಕಮ್ಮಿ ಆಗಬಾರದಲ್ಲ, ಗಡಿಯಾರ ನೋಡಿ ಒತ್ತುತ್ತಾ ಬಂದೆ."

"ಉಸಿರು ಕಟ್ಟಿಕೊಂಡು ಕೂರ್ತಿದ್ರಾ? ನಾನು ಬರೋವರೆಗೂ?"

"ನೀನು ಬರ್ತಿದ್ದೆಯಲ್ಲ."

ಗುಂಡಿ ಕೋಲನ್ನು ಕಿತ್ತುಕೊಂಡು ಮುಂದಿನ ಕೋಣೆಗೆ ಹೋದಳು. ಎರಡು ವರ್ಷ... ಮದುವೆ, ಸಿನಿಮಾ, ಹಲ್ಲು, ಸೇತುವೆ. ಕೂಗಬೇಕೆನಿಸಿತು. ಐದು ನಿಮಿಷ ಬಿಟ್ಟು ಕೋಲನ್ನು ವಾಪಸ್ ತಂದು ಮಂಚಕ್ಕೆ ಒರಗಿಸಿದಳು. ಬಚ್ಚಲಿಗೆ ಹೋಗಲು ದೊಡ್ಡಮ್ಮನಿಗೆ ಅದು ಬೇಕು.

"ಅವರಿಗೆ ಗೊತ್ತಿತ್ತಾ?"

"ಎರಡನೇ ಸಲ ಬಂದಾಗಲೇ ಈ ಕಲೆ ನೋಡಿ ಕಂಡುಹಿಡಿದುಬಿಟ್ಟ. ಹೇಳಬೇಡಪ್ಪ, ನಾನೇ ಹೇಳ್ತೀನಿ ಅಂತ ಕೈಮುಗಿದೆ. ವಾರವಾರ ಬಂದು 'ಹೇಳಿದ್ರಾ ಅಮ್ಮ' ಅಂತ ಕೇಳ್ತಿದ್ದ. ನಾನು ತಲೆ ಅಲ್ಲಾಡಿಸ್ತಿದ್ದೆ. ನಿನ್ನೆ ನೀನು ಅವನನ್ನ ಬೈತಿದ್ದಾಗಲೂ... ನನಗೆ ಬಾಯಿ ಬರಲಿಲ್ಲ ಕಣೇ."

ಗುಂಡಿ ಎದ್ದು ಸ್ವಿಚ್ಚು ಒತ್ತಿದಳು. ಯಂತ್ರ ಗುಳುಗುಳು ಎಂದು ಶುರುವಾಯಿತು. ಕೊಳವೆ ಬದಲಿಸುವಾಗ ದೊಡ್ಡಮ್ಮ ಅವಳ ಕೈಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಮುಖ ತಿರುಗಿಸಿ ಇನ್ನೊಂದು ಕೈಯಲ್ಲಿ ಸಿಲಿಂಡರಿನ ಕೀಲಿ ಮುಚ್ಚಿದಳು.

ಬ್ಯಾಟರಿ ಅಂಗಡಿಯ ಹಿಂಬದಿಯಲ್ಲಿ ಅವನು ತುಕ್ಕು ಹಿಡಿದ ತಂತಿಯ ತುದಿಗಳನ್ನು ಉಜ್ಜುತ್ತ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ದೊಡ್ಡಮ್ಮ ಎಲ್ಲ ಹೇಳಿದ್ರು," ಎಂದಳು. "ಬೈಗುಳ ತಿನ್ನೋವಾಗಲಾದ್ರೂ ನಿಜ ಹೇಳಬಾರದಿತ್ತಾ?"

"ಪೂರ್ತಿ ನಿಜ ಹೇಳಿದ್ರೂ ಬೈಗುಳ ತಪ್ಪುತ್ತಿರಲಿಲ್ಲ."

"ಅಂದ್ರೆ?"

ಅವನು ಕೈಗಳನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿದ.

"ಮೊದಲನೇ ತಿಂಗಳು ನಿಮ್ಮ ದೊಡ್ಡಮ್ಮನಿಗೋಸ್ಕರ ಸುಮ್ಮನಿದ್ದೆ. ಎರಡನೇ ತಿಂಗಳು... ನನಗೋಸ್ಕರ. ನೀವು ಸೇತುವೆ ದಾಟಿಹೋದ್ರೆ ಮಂಗಳವಾರ ಮಧ್ಯಾಹ್ನ ನನಗೆ ಬಾಗಿಲು ತೆಗೆಯೋರು ಯಾರು ಅನ್ನಿಸ್ತು. ನಿಮ್ಮನ್ನ ಇಷ್ಟಪಟ್ಟೆ. ಅದನ್ನ ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲದೆ ನಿಮ್ಮನ್ನೇ ಮನೇಲಿ ಕೂರಿಸಿದೆ. ಬೀಗ ಹಾಕಿದ್ರಿ ಅಂದ್ರಲ್ಲ, ಸರಿಯಾಗೇ ಹೇಳಿದ್ರಿ."

ಎಷ್ಟು ದಿನ ಕಾದಿದ್ದಳು ಆ ಮಾತಿಗೆ! ಈಗ ಬಂತು, ಸಿಟ್ಟಿನ ಜೊತೆಗೇ ಬಂತು. ಕಣ್ಣು ತುಂಬಿತು. ಕೈ ಮಾತ್ರ ಸೊಂಟದ ಮೇಲೇ ಇತ್ತು.

"ಮಂಗಳವಾರ ನಾನು ಕಾರ್ಖಾನೆಗೆ ಹೋಗ್ತೀನಿ. ಮೆಯಿನ್ ಸ್ವಿಚ್ ಆಫ್ ಮಾಡಿ ಹೋಗ್ತೀನಿ. ನಾಲ್ಕು ಗಂಟೆ ಬರುತ್ತೋ ಇಲ್ವೋ ಅವತ್ತೇ ತಿಳಿಯಲಿ. ಎರಡು ಮೂರು ಗಂಟೆ ಕರೆಂಟ್ ಹೋದ್ರೂ ಇನ್ನು ನಾನು ನಡುಗಬಾರದು. ನೀವು ಕಾಯಬೇಕು."

"ಹೊಸ್ತಿಲು ದಾಟಬೇಡಿ ಅಂದಿದ್ರಿ."

"ಮೀಟರ್ ಬೋರ್ಡ್ ಇರೋದು ಮೆಟ್ಟಿಲ ಹತ್ರ."

ಮಂಗಳವಾರ ಹತ್ತು ಗಂಟೆಗೆ ಅವಳೇ ಮೆಯಿನ್ ಇಳಿಸಿದಳು. ಅವನು ಬಾಗಿಲ ಎದುರಿನ ಮೆಟ್ಟಿಲ ಮೇಲೆ, ಮೀಟರ್ ಬೋರ್ಡ್ ಕೈಗೆಟಕುವಷ್ಟು ಹತ್ತಿರದಲ್ಲಿ ಕೂತ. ಅವಳು ಅವನನ್ನು ನೋಡದೆ ಇಳಿದುಹೋದಳು.

ಬಸ್ಸಿನಲ್ಲಿ ಕೂತವಳ ಕಣ್ಣು ಗಡಿಯಾರದಿಂದ ಕದಲಲಿಲ್ಲ. ಇಪ್ಪತ್ತು. ಮೂವತ್ತು. ಇಳಿದುಬಿಡಲಾ? ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ಓಡಲಾ? ಬಸ್ಸು ಸೇತುವೆ ಹತ್ತಿತು. ನಲವತ್ತು.

ಫೋನ್ ಬಡಿದುಕೊಂಡಿತು. ದೊಡ್ಡಮ್ಮ.

"ಹಲೋ... ದೊಡ್ಡಮ್ಮ?"

ಆಚೆ ಕಡೆ ಉಸಿರು. ಅದರ ಹಿಂದೆ ಗುಳುಗುಳು ಸದ್ದು.

"ಎಲ್ಲಿದ್ದೀಯೇ?"

"ಸೇತುವೆ ಮೇಲೆ."

ದೊಡ್ಡಮ್ಮ ಹೇಳಿದರು. "ಕೋಲನ್ನ ಆ ಹುಡುಗನ ಕೈಗೆ ಕೊಟ್ಟಿದ್ದೀನಿ. ಬಾಗಿಲಾಚೆ ಇಟ್ಕೊಂಡಿದ್ದಾನೆ. ಬೇಕಾದ್ರೆ ಕೇಳಿ ಇಸ್ಕೋತೀನಿ. ನೀನು ಹೋಗು."

ಗುಂಡಿ ಬಸ್ಸಿನ ಕಿಟಕಿಗೆ ತಲೆಯಿಟ್ಟು, ಯಾರು ನೋಡಿದರೂ ನೋಡಲಿ ಎಂದು ಅತ್ತಳು. ಕೆಳಗೆ ಹೊಳೆ ಹರಿಯುತ್ತಿತ್ತು. ಅದನ್ನು ಇಷ್ಟು ಮೇಲಿನಿಂದ ನೋಡಿ ಎರಡು ವರ್ಷವಾಗಿತ್ತು.

ವಾಪಸ್ ಬಂದಾಗ ಅವನು ಕೂತಲ್ಲೇ ಕೂತಿದ್ದ. ಮಡಿಲಲ್ಲಿ ಊರುಗೋಲು, ಅದರ ಮೇಲೆ ಗಲ್ಲ. ಒಳಗಿಂದ ಯಂತ್ರದ ಸದ್ದು ಕೇಳುತ್ತಿತ್ತು.

"ಎಷ್ಟಾಯ್ತು?"

"ನಾಲ್ಕು ಗಂಟೆ ಏಳು ನಿಮಿಷ. ಇನ್ನೂ ಓಡ್ತಿದೆ." ಅವನು ಅವಳ ಮುಖ ಹುಡುಕಿದ. "ಕೋಟು?"

"ಕತ್ತರಿಸಿದೆ. ಸೋಮವಾರದಿಂದ ಕೆಲಸ."

ಅವನು ನಕ್ಕ. ನಗು ಪೂರ್ತಿ ಅರಳುವ ಮೊದಲೇ ಕಣ್ಣು ಒದ್ದೆಯಾಯಿತು. ಕೋಲನ್ನು ಅವಳ ಕೈಗೆ ಕೊಟ್ಟು, ಮೆಯಿನ್ ಮೇಲೆತ್ತಿ, ಚೀಲ ಹೆಗಲಿಗೆ ಹಾಕಿಕೊಂಡ. "ಬರ್ತೀನಿ ಮೇಡಂ. ಇನ್ನೇನೂ ಹೆದರಿಕೆ ಇಲ್ಲ."

"ನಾನು ಸಂಜೆ ಆರಕ್ಕೆ ಮನೆಗೆ ಬರ್ತೀನಿ," ಎಂದಳು ಅವಳು, ಕೋಲಿನ ರಬ್ಬರನ್ನು ನೋಡುತ್ತ. "ಮಂಗಳವಾರ ಆರೂವರೆಗೆ ಬನ್ನಿ."

"ಬ್ಯಾಟರಿಗೆ ವಾರವಾರ ನೀರು ಬೇಡ. ಆರು ತಿಂಗಳಿಗೊಮ್ಮೆ ಸಾಕು. ಇನ್ನು ಸುಳ್ಳು ಹೇಳಲ್ಲ."

"ಬ್ಯಾಟರಿಗೆ ಅಂತ ಯಾರು ಹೇಳಿದ್ದು?"

ಅವನು ಮೆಟ್ಟಿಲ ಮೇಲೆಯೇ ನಿಂತ. ಅವಳು ಬಾಗಿಲನ್ನು ಪೂರ್ತಿ ತೆರೆದು ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನಿಮ್ಮ ಅಂಗಿ ಇನ್ನೂ ಒಳಗಿದೆ. ತೇಪೆ ಹಾಕಿ ಆಗಿದೆ." ದನಿ ಸಣ್ಣಗಾಯಿತು. "ಚಪ್ಪಲಿ ಬಿಟ್ಟು ಒಳಗೆ ಬನ್ನಿ."